ಬಂಟ್ಯಾನ ಮೂಗು, ನಮ್ಮ ಮನೆಯ ಗೋಡೆ

ಪಡಸಾಲೆಯ ಪರಸಿ ಕಲ್ಲಿನ ಮೇಲೆ ಕೆಂಪು ಹನಿಗಳು ಸಾಲಾಗಿ ಬಿದ್ದಿದ್ದವು. ಬೆಳಿಗ್ಗೆ ಐದೂವರೆ ಆಗಿರಬೇಕು. "ಯಾರೋ ಎಲಿ ಅಡಿಕಿ ಉಗುಳ್ಯಾರ ನೋಡು, ಮನಿ ಒಳಗ!" ಎಂದು ಅವ್ವ ಬೈಯುತ್ತಾ ನೀರು ತರಲು ಹೋದಳು. ನಮ್ಮ ಮನೆಯಲ್ಲಿ ಈಗ ಎಲೆ ಅಡಿಕೆ ಹಾಕುವವರು ಯಾರೂ ಇಲ್ಲ. ಹನಿಗಳ ಹಿಂದೆಯೇ ಹೋದೆ. ಹಿತ್ತಲ ಬಾಗಿಲ ಹತ್ತಿರ ಬಂಟ್ಯಾ ಮಲಗಿದ್ದ. ಬಲಗಡೆ ಹೊಳ್ಳೆಯಿಂದ ರಕ್ತ ಬರುತ್ತಿತ್ತು. ನಾಲಿಗೆ ಚಾಚಿ ನೆಕ್ಕಿಕೊಳ್ಳುತ್ತಿದ್ದ. ಮತ್ತೆ ಹನಿಯುತ್ತಿತ್ತು. ಮತ್ತೆ ನೆಕ್ಕುತ್ತಿದ್ದ.

ಬಂಟ್ಯಾ ಅಂದರೆ ಬಂಟಿ. ನಾಲ್ಕು ವರ್ಷ, ಇಪ್ಪತ್ತು ಕೆಜಿ. ಮುಧೋಳ ತಳಿಯ ರಕ್ತ ಇದೆ ಅಂತ ಕೊಟ್ಟವರು ಹೇಳಿದ್ದರು. ಕಾಲು ಉದ್ದ ಇರುವುದನ್ನು ಬಿಟ್ಟರೆ ಅದಕ್ಕೆ ಬೇರೆ ಸಾಕ್ಷಿ ಇಲ್ಲ. ನಮ್ಮದು ಕೊಪ್ಪಳದ ಹಳೇ ಊರಲ್ಲಿ ಅಜ್ಜನ ಕಾಲದ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನಾನು ಗೊಬ್ಬರ, ಬೀಜದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅವತ್ತು ಮೃಗಶಿರಾ ಮಳೆ ಹಿಡಿದ ವಾರ. ಗೋವಿನಜೋಳದ ಬೀಜಕ್ಕೆ ಅಂಗಡಿ ಮುಂದೆ ಸಾಲು ನಿಂತಿರುತ್ತದೆ, ರಜೆ ಕೇಳುವ ಹಾಗಿರಲಿಲ್ಲ. ಆದರೂ ಹೋದೆ.

ರೋಗ ಶುರುವಾದದ್ದು ಏಪ್ರಿಲ್‌ನಲ್ಲೇ ಅಂತ ಆಮೇಲೆ ಅರ್ಥವಾಯಿತು. ಆಗ ಬಂಟ್ಯಾ ಎರಡು ದಿನ ಊಟ ಮುಟ್ಟಿರಲಿಲ್ಲ. ಮೈ ಕಾದಿತ್ತು, ಕಣ್ಣಲ್ಲಿ ಪಿಸುರು. ಹೊರಗೆ 41 ಡಿಗ್ರಿ. ಇಂಥ ಬಿಸಿಲಲ್ಲಿ ನಾಯಿ ಊಟ ಬಿಟ್ಟರೆ ಝಳ ಬಡಿದಿದೆ ಅಂತ ತಾನೇ ಯಾರಾದರೂ ಹೇಳುವುದು? ನಾವೂ ಹಾಗೇ ಅಂದುಕೊಂಡೆವು. ಪರಿಚಯದವರೊಬ್ಬರು ಬಂದು ಜ್ವರಕ್ಕೆ ಒಂದು ಇಂಜೆಕ್ಷನ್ ಮಾಡಿ ಹೋದರು. ರಕ್ತ ನೋಡಲಿಲ್ಲ, ಕಿವಿ ಎತ್ತಿಯೂ ನೋಡಲಿಲ್ಲ. ಮೂರನೇ ದಿನ ಬಂಟ್ಯಾ ಎದ್ದು ರೊಟ್ಟಿ ತಿಂದ. ಮುಗೀತು ಅಂದುಕೊಂಡೆವು.

ಅವನಿಗೆ ಉಣ್ಣಿ ಇರುವುದು ನಮಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಅದೇ ತೊಂದರೆ ಆಗಿದ್ದು. ಹುಟ್ಟಿದಾಗಿನಿಂದ ನೋಡಿದ ಎಲ್ಲ ನಾಯಿಗಳಿಗೂ ಉಣ್ಣಿ ಇತ್ತು. ಸಂಜೆ ಕಟ್ಟೆಯ ಮೇಲೆ ಕೂತು ಅವ್ವ ಅವನ ಕಿವಿಯಿಂದ ಒಂದೊಂದೇ ಕಿತ್ತು ಸೀಮೆಎಣ್ಣೆ ಬಟ್ಟಲಿಗೆ ಹಾಕುತ್ತಿದ್ದಳು. ಅದು ಅವಳಿಗೆ ಹೊತ್ತು ಹೋಗುವ ಕೆಲಸ. ರಕ್ತ ಕುಡಿದು ಉಬ್ಬಿದ ಉಣ್ಣಿ ಥೇಟ್ ಔಡಲ ಬೀಜ. ಅದೇ ಬೂದು ಬಣ್ಣ, ಅದೇ ಹೊಳಪು, ತುದಿಯಲ್ಲಿ ತಲೆಯಂಥ ಒಂದು ಚುಕ್ಕೆ. ಕೃಷಿ ಡಿಪ್ಲೊಮಾ ಓದುವಾಗ ಔಡಲದ ಶಾಸ್ತ್ರೀಯ ಹೆಸರು ರಿಸಿನಸ್ ಅಂತ ಬಾಯಿಪಾಠ ಮಾಡಿದ್ದೆ. ಲ್ಯಾಟಿನ್‌ನಲ್ಲಿ ರಿಸಿನಸ್ ಅಂದರೆ ಉಣ್ಣಿ. ಬೀಜ ಹಾಗೆ ಕಂಡಿದ್ದಕ್ಕೇ ಗಿಡಕ್ಕೆ ಆ ಹೆಸರು. ಪರೀಕ್ಷೆಯಲ್ಲಿ ಬರೆದು ಮರೆತಿದ್ದ ಸಂಗತಿ ಈ ಗಡಿಬಿಡಿಯಲ್ಲಿ ನೆನಪಾಯಿತು.

ದನದ ದವಾಖಾನೆಯಲ್ಲಿ ನನ್ನ ಮುಂದೆ ಒಂದು ಎಮ್ಮೆ, ಒಂದು ಹಿಂಡು ಆಡು. ನಮ್ಮ ಸರದಿ ಬಂದಾಗ ಹನ್ನೊಂದು ಗಂಟೆ. ಮೂಗಿನ ರಕ್ತ ಅಷ್ಟೊತ್ತಿಗೆ ನಿಂತಿತ್ತು. ಡಾಕ್ಟ್ರು ಮೂಗನ್ನು ನೋಡಲೇ ಇಲ್ಲ. ಮೊದಲು ತುಟಿ ಎತ್ತಿ ಒಸಡು ಒತ್ತಿ ಬಿಟ್ಟರು. ಕೆಂಪಗೆ ಇರಬೇಕಾದ ಒಸಡು ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಆಮೇಲೆ ಮಲಗಿಸಿ ಹೊಟ್ಟೆಯ ಕೂದಲು ಸರಿಸಿದರು. ಕೂದಲಿಲ್ಲದ ತೊಡೆಸಂದಿಯಲ್ಲಿ ನವಣೆ ಕಾಳಿನಷ್ಟು ಸಣ್ಣ ಕೆಂಪು ಚುಕ್ಕೆಗಳು. ದಿನಾ ಮೈ ಸವರುವ ನನ್ನ ಕಣ್ಣಿಗೆ ಅವು ಒಂದು ದಿನವೂ ಬಿದ್ದಿರಲಿಲ್ಲ. ಜ್ವರ 103.8. ನಾಯಿಗೆ 102.5ರವರೆಗೂ ಸಹಜ. ಹಾಗಾಗಿ ಮುಟ್ಟಿ ನೋಡಿದರೆ ಜ್ವರ ಇದೆಯೋ ಇಲ್ಲವೋ ಹೇಳೋಕಾಗಲ್ಲ ಅಂದರು.

"ಏಪ್ರಿಲ್‌ದಾಗ ಏನರ ಆಗಿತ್ತೇನು?" ಎಂದು ಅವರೇ ಕೇಳಿದರು. ನಾನು ಬಾಯಿಬಿಟ್ಟು ಹೇಳಿರಲಿಲ್ಲ.

ಹೇಳಿದೆ. ತಲೆಯಾಡಿಸಿದರು. "ಟಿಕ್ ಫೀವರ್ ಇದ್ದಂಗ ಕಾಣಸ್ತದ. ಆದ್ರ ಅಂದಾಜಿನ ಮ್ಯಾಲ ಹೇಳೂದು ಬ್ಯಾಡ, ರಕ್ತ ನೋಡೂಣು."

ಟಿಕ್ ಅಂದರೆ ಉಣ್ಣಿ. ರೋಗದ ಹೆಸರು ಎರ್ಲಿಕಿಯೋಸಿಸ್. ಮಾಡುವುದು ಎರ್ಲಿಕಿಯಾ ಕೇನಿಸ್ ಎಂಬ ಬ್ಯಾಕ್ಟೀರಿಯಾ. ಅದು ರಕ್ತದ ಬಿಳಿ ಕಣಗಳ ಒಳಗೇ ಹೊಕ್ಕು ಮನೆ ಮಾಡುತ್ತದೆ. ಉಣ್ಣಿ ಕಚ್ಚಿ ಒಂದರಿಂದ ಮೂರು ವಾರಕ್ಕೆ ಮೊದಲ ಜ್ವರ. ಬಹಳಷ್ಟು ನಾಯಿಗಳಿಗೆ ಆ ಜ್ವರ ತಾನಾಗಿಯೇ ಬಿಡುತ್ತದೆ. ಇಂಜೆಕ್ಷನ್ ಮಾಡಿದವರಿಗೆ ಹೆಸರು ಬರುತ್ತದೆ, ಅಷ್ಟೇ. ಬ್ಯಾಕ್ಟೀರಿಯಾ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ನಾಯಿ ತಿನ್ನುತ್ತದೆ, ಬೊಗಳುತ್ತದೆ, ಓಡಾಡುತ್ತದೆ. ಕೆಲವು ನಾಯಿ ತಾವೇ ಗೆಲ್ಲುತ್ತವೆ. ಗೆಲ್ಲದವುಗಳಲ್ಲಿ ಒಂದು ದಿನ ರಕ್ತ ಕಾಣಿಸುತ್ತದೆ. ಕೊನೆಯ ಹಂತಕ್ಕೆ ಹೋದರೆ ಎಲುಬಿನೊಳಗಿನ ಮಜ್ಜೆಯೇ ರಕ್ತ ಮಾಡುವುದನ್ನು ನಿಲ್ಲಿಸುತ್ತದೆ, ಆಗ ಔಷಧವೂ ಹತ್ತುವುದಿಲ್ಲ. ಬಂಟ್ಯಾ ಎಲ್ಲಿದ್ದಾನೆ ಅನ್ನುವುದನ್ನು ತಿಳಿಯೋಕೆ ಪ್ಲೇಟ್ಲೆಟ್ ಎಣಿಸಬೇಕಿತ್ತು. ಡೆಂಗಿ ಬಂದಾಗ ಇಳಿಯುತ್ತಲ್ಲ, ರಕ್ತ ಹೆಪ್ಪುಗಟ್ಟಿಸುವ ಕಣ, ಅದೇ ಪ್ಲೇಟ್ಲೆಟ್.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಮುಂಗಾಲಿನಿಂದ ರಕ್ತ ತೆಗೆದು, ನೇರಳೆ ಮುಚ್ಚಳದ ಸಣ್ಣ ಬಾಟಲಿಗೆ ಹಾಕಿ, "ಮೆಲ್ಲಗ ಹತ್ತು ಸಲ ಮಗಚ್ರಿ, ಸೀದಾ ಲ್ಯಾಬಿಗೆ ಒಯ್ರಿ" ಎಂದು ಡಾಕ್ಟ್ರು ಕೊಟ್ಟರು. ಅಂಗಡಿಯಿಂದ ಫೋನ್ ಮೇಲೆ ಫೋನ್ ಬರುತ್ತಿತ್ತು. ಬಾಟಲಿಯನ್ನು ಅಂಗಿ ಜೇಬಲ್ಲಿ ಇಟ್ಟುಕೊಂಡು ಹೋಗಿ ಎರಡು ತಾಸು ಬೀಜ ತೂಗಿದೆ. ಮಗುಚಿದ್ದು ಎರಡು ಸಲವೋ ಮೂರು ಸಲವೋ. ಆಮೇಲೆ ಮನುಷ್ಯರ ಲ್ಯಾಬಿಗೆ ಹೋದೆ. ನಾಯಿ ರಕ್ತ ತಗೊಳ್ಳಲ್ಲ ಅಂದರು. ಕೈಮುಗಿದು ಕೇಳಿದ ಮೇಲೆ ತಗೊಂಡರು. ರಿಪೋರ್ಟ್ ಬಂತು: ಮಾಸ್ಟರ್ ಬಂಟಿ, ವಯಸ್ಸು 4, ಪುರುಷ. ಪ್ಲೇಟ್ಲೆಟ್ 11 ಸಾವಿರ. ಪಕ್ಕದಲ್ಲಿ ಮನುಷ್ಯರಿಗೆ ಎಷ್ಟಿರಬೇಕು ಅನ್ನುವ ಪಟ್ಟಿ. ಅವ್ವನಿಗೆ ಹೇಳಲಿಲ್ಲ. ನನಗೇ ಕಾಲು ನಡುಗಿತ್ತು.

ಡಾಕ್ಟ್ರು ರಿಪೋರ್ಟ್ ನೋಡಿ ನಂಬಲಿಲ್ಲ. ಸರಿಯಾಗಿ ಮಗುಚದ ರಕ್ತದಲ್ಲಿ ಪ್ಲೇಟ್ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಮಷೀನು ಗುಂಪನ್ನು ಎಣಿಸುವುದಿಲ್ಲ. ಅದೂ ಅಲ್ಲದೆ ಅದನ್ನು ಮನುಷ್ಯರ ಕಣಗಳ ಅಳತೆಗೆ ಹೊಂದಿಸಿರುತ್ತಾರೆ, ನಾಯಿಯ ಕಣಗಳ ಅಳತೆ ಬೇರೆ. ಮತ್ತೆ ರಕ್ತ ತೆಗೆದರು. ಈ ಸಲ ಅವರೇ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಎಳೆದು, ಒಣಗಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಹತ್ತು ಕಡೆ ನೋಡಿದರು. ಒಂದು ನೋಟಕ್ಕೆ ಒಂದು ಪ್ಲೇಟ್ಲೆಟ್ ಕಂಡರೆ ಸುಮಾರು 15 ಸಾವಿರ ಅಂತ ಲೆಕ್ಕವಂತೆ. ಬಂಟ್ಯಾನದು ಸರಾಸರಿ ಮೂರು ಕಂಡವು. ಅಂದರೆ 45 ಸಾವಿರದ ಆಸುಪಾಸು. ಚೆನ್ನಾಗಿರುವ ನಾಯಿಗೆ ಎರಡು ಲಕ್ಷದ ಮೇಲೆ ಇರುತ್ತದೆ. ಕಡಿಮೆಯೇ, ಆದರೆ 11 ಸಾವಿರ ಅಲ್ಲ. ಬಿಳಿ ಕಣಗಳು ಇನ್ನೂ ತಕ್ಕಮಟ್ಟಿಗೆ ಇದ್ದವು. ಮಜ್ಜೆ ಸತ್ತಿಲ್ಲ ಅನ್ನುವ ಭರವಸೆ ಅವರಿಗೆ ಬಂದದ್ದು ಅದರಿಂದ.

"ಬರ್ರಿ, ನೋಡ್ರಿ" ಎಂದು ನನಗೂ ಕಣ್ಣಿಡಲು ಹೇಳಿದರು. ನಸುಗುಲಾಬಿ ಬಣ್ಣದ ಬಿಲ್ಲೆಗಳ ಜಾತ್ರೆ. ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಬಣ್ಣದ ದೊಡ್ಡ ಕಣ. ಆ ದೊಡ್ಡ ಕಣದ ಒಳಗೆ ಎರ್ಲಿಕಿಯಾ ಗೊಂಚಲು ಕಟ್ಟಿಕೊಂಡಿದ್ದರೆ ಅದಕ್ಕೆ ಮೊರುಲಾ ಅನ್ನುತ್ತಾರೆ. ಪುಟ್ಟ ಹಿಪ್ಪುನೇರಳೆ ಹಣ್ಣು ಅಂತ ಅರ್ಥ. ಔಡಲ ಆಯಿತು, ಈಗ ಹಿಪ್ಪುನೇರಳೆ. ಈ ರೋಗ ನಮ್ಮ ಕೃಷಿಯವರಿಗಾಗಿಯೇ ಹೆಸರಿಟ್ಟುಕೊಂಡ ಹಾಗಿದೆ! ಅದನ್ನು ಹುಡುಕಲು ಕಿವಿಯ ತುದಿಗೆ ಸೂಜಿ ಚುಚ್ಚಿ ಇನ್ನೊಂದು ಹನಿ ತೆಗೆದರು. ಕಿವಿ ತುದಿಯ ಸಣ್ಣ ನಾಳದ ರಕ್ತದಲ್ಲಿ ಸಿಗುವ ಸಾಧ್ಯತೆ ಸ್ವಲ್ಪ ಜಾಸ್ತಿಯಂತೆ. ಆ ಒಂದು ಚುಚ್ಚಿನ ರಕ್ತ ನಿಲ್ಲಲು ಹತ್ತು ನಿಮಿಷ ಹಿಡಿಯಿತು. ನಾನು ಹತ್ತಿ ಒತ್ತಿ ಹಿಡಿದುಕೊಂಡು ಕೂತೆ. ತೆಗೆದು ನೋಡಿದರೆ ಮತ್ತೆ ಒಸರುತ್ತಿತ್ತು. ಪ್ಲೇಟ್ಲೆಟ್ ಇಲ್ಲ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ರಿಪೋರ್ಟ್‌ನಿಂದ ಅಲ್ಲ, ಆ ಹತ್ತಿಯಿಂದ.

ಹಿಪ್ಪುನೇರಳೆ ಸಿಗಲಿಲ್ಲ. ಸಿಗದಿದ್ದರೆ ರೋಗ ಇಲ್ಲ ಅಂತಲ್ಲ. ರೋಗ ಇರುವ ನೂರು ನಾಯಿಗಳಲ್ಲಿ ನಾಲ್ಕೈದರಲ್ಲಿ ಕಂಡರೆ ಹೆಚ್ಚು ಎಂದರು ಡಾಕ್ಟ್ರು. ಈ ಪಟ್ಟಿಯಿಂದ ಆದ ಇನ್ನೊಂದು ಉಪಕಾರ ಅಂದರೆ ಬಬೇಸಿಯಾ ಅಲ್ಲ ಅನ್ನುವ ಸುಳಿವು. ಅದೂ ಉಣ್ಣಿಯಿಂದಲೇ ಬರುತ್ತದೆ, ಲಕ್ಷಣಗಳೂ ಹತ್ತಿರ ಹತ್ತಿರ. ಆದರೆ ಅದು ಬ್ಯಾಕ್ಟೀರಿಯಾ ಅಲ್ಲ, ಕೆಂಪು ಕಣದೊಳಗೆ ಇರುವ ಬೇರೆ ಪರೋಪಜೀವಿ. ಅದರ ಔಷಧವೇ ಬೇರೆ. ಒಂದೇ ಉಣ್ಣಿ ಎರಡನ್ನೂ ಹೊತ್ತು ತರಬಹುದು.

ಕೊನೆಗೆ ಕಿಟ್. ಔಷಧ ಅಂಗಡಿಯವನು ಹೊಸಪೇಟೆಯಿಂದ ಬಸ್ಸಿಗೆ ಹಾಕಿಸಿ ತರಿಸಿಕೊಟ್ಟ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದೆವಲ್ಲ, ಅಂಥದ್ದೇ. ಕೆಲವು ಹನಿ ರಕ್ತ, ಮೇಲೆ ಒಂದು ದ್ರಾವಣ. ಹತ್ತು ನಿಮಿಷದಲ್ಲಿ ಎರಡನೇ ಗೆರೆ ಮೂಡಿತು. ನಾನು "ಆಯ್ತಲ್ಲ, ಸಿಕ್ತು" ಎಂದೆ. ಡಾಕ್ಟ್ರು ತಡೆದರು. ಈ ಗೆರೆ ಬ್ಯಾಕ್ಟೀರಿಯಾದ್ದಲ್ಲ, ಬ್ಯಾಕ್ಟೀರಿಯಾ ವಿರುದ್ಧ ಮೈ ಹುಟ್ಟಿಸಿದ ಪ್ರತಿಕಾಯದ್ದು. ರೋಗ ಹತ್ತಿದ ಮೊದಲ ಒಂದೆರಡು ವಾರ ಪ್ರತಿಕಾಯ ಇನ್ನೂ ಹುಟ್ಟಿರದೆ ಗೆರೆ ಮೂಡದೇ ಇರಬಹುದು. ವಾಸಿಯಾದ ಮೇಲೂ ತಿಂಗಳುಗಟ್ಟಲೆ ಮೂಡುತ್ತಲೇ ಇರಬಹುದು. ಹಾಗಾಗಿ ಗೆರೆ ಒಂದನ್ನೇ ನೋಡಿದರೆ ಸಾಲದು. ಗೆರೆ, ಇಳಿದ ಪ್ಲೇಟ್ಲೆಟ್, ಜ್ವರ, ಹೊಟ್ಟೆಯ ಚುಕ್ಕೆ, ಕಿವಿಯ ಉಣ್ಣಿ, ಎಲ್ಲ ಸೇರಿದರೆ ಮಾತ್ರ ಹೌದು ಅನ್ನಬಹುದು. ಬ್ಯಾಕ್ಟೀರಿಯಾವನ್ನೇ ಹಿಡಿಯಬೇಕೆಂದರೆ ಪಿಸಿಆರ್. ಅದಕ್ಕೆ ಹೊರಗೆ ಕಳಿಸಬೇಕು. ನಾವು ಕಳಿಸಲಿಲ್ಲ.

ರಾತ್ರಿ ಇದರ ಬಗ್ಗೆ ಓದುತ್ತಾ ಕೂತೆ. ಈ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದು 1935ರಲ್ಲಿ, ಅಲ್ಜೀರಿಯಾದಲ್ಲಿ, ಉಣ್ಣಿ ಹತ್ತಿದ ನಾಯಿಗಳಲ್ಲಿ. ಹೆಸರು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಅವರದು. ವಿಯೆಟ್ನಾಂ ಯುದ್ಧಕ್ಕೆ ಅಮೆರಿಕ ಒಯ್ದ ಸೈನ್ಯದ ನಾಯಿಗಳು ನೂರಾರು ಸತ್ತಾಗ ಜಗತ್ತು ಇದರ ಕಡೆ ಕಣ್ಣು ತೆರೆಯಿತು. ಅವೂ ಹೆಚ್ಚಾಗಿ ಮೂಗಲ್ಲಿ ರಕ್ತ ಸುರಿಸಿಯೇ ಸತ್ತಿದ್ದು. ಆ ಸಾಲು ಓದಿ ಫೋನ್ ಬದಿಗಿಟ್ಟು ಹಿತ್ತಲಿಗೆ ಹೋಗಿ ಅವನ ಮೂಗು ಮುಟ್ಟಿ ಬಂದೆ. ನಮ್ಮ ದೇಶದ ಲೆಕ್ಕವೂ ಸಿಕ್ಕಿತು. ದೆಹಲಿ, ಮುಂಬೈ, ಸಿಕ್ಕಿಂ, ಲಡಾಖ್‌ಗಳ 525 ನಾಯಿಗಳ ರಕ್ತ ನೋಡಿದ ಅಧ್ಯಯನ 2011ರಲ್ಲಿ ಬಂದಿದೆ. ಪಿಸಿಆರ್‌ನಲ್ಲಿ ಐದರಲ್ಲೊಂದು ನಾಯಿಗೆ ಎರ್ಲಿಕಿಯಾ ಸಿಕ್ಕಿತ್ತು. ಇಂಥ ಲೆಕ್ಕ ನೋಡುವಾಗ ಯಾವ ಪರೀಕ್ಷೆ ಅಂತಲೂ ನೋಡಬೇಕು ಅನ್ನುವುದು ಬಂಟ್ಯಾನಿಂದ ಕಲಿತದ್ದು. ಅವನನ್ನೇ ತಗೊಳ್ಳಿ. ಗಾಜಿನ ಪಟ್ಟಿಯ ಲೆಕ್ಕದಲ್ಲಿ ಅವನಿಗೆ ರೋಗ ಇಲ್ಲ, ಕಿಟ್‌ನ ಲೆಕ್ಕದಲ್ಲಿ ಇದೆ.

ಕಿಟ್ ಬರುವ ಮುಂಚೆಯೇ ಔಷಧ ಶುರುವಾಗಿತ್ತು. ಡಾಕ್ಸಿಸೈಕ್ಲಿನ್, ಕೆಜಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ ದಿನಕ್ಕೆ 200. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ, 28 ದಿನ. ಎರಡನೇ ದಿನವೇ ಜ್ವರ ಬಿಟ್ಟಿತು, ನಾಲ್ಕನೇ ದಿನ ಬೀದಿಯ ಹಂದಿಯನ್ನು ಅಟ್ಟಿಸಿಕೊಂಡು ಹೋದ. "ಆರಾಮ ಆದನಲ್ಲ, ಸಾಕು ಬಿಡು ಗುಳಿಗಿ" ಎಂದಳು ಅವ್ವ. ಏಪ್ರಿಲ್ ನೆನಪಿಸಿದೆ. ಸುಮ್ಮನಾದಳು.

ಆದರೆ ಅವಳು ಇನ್ನೊಂದು ಮಾಡುತ್ತಿದ್ದಳು, ನನಗೆ ವಾರದ ಮೇಲೆ ಗೊತ್ತಾಯಿತು. ಮಾತ್ರೆಯನ್ನು ಪುಡಿ ಮಾಡಿ ಗಟ್ಟಿ ಮೊಸರಲ್ಲಿ ಕಲಸಿ ಕೊಡುತ್ತಿದ್ದಳು. ಬಂಟ್ಯಾ ಖುಷಿಯಿಂದ ನೆಕ್ಕುತ್ತಿದ್ದ. ಹಾಲು ಮೊಸರಿನ ಕ್ಯಾಲ್ಸಿಯಂ ಈ ಮಾತ್ರೆಯನ್ನು ಹಿಡಿದುಕೊಳ್ಳುತ್ತದೆ, ಪೂರ್ತಿ ಮೈಗೆ ಸೇರಲು ಬಿಡುವುದಿಲ್ಲ. ಬರೀ ಹೊಟ್ಟೆಗೆ ಕೊಟ್ಟರೆ ವಾಂತಿ. ಗಂಟಲಲ್ಲಿ ಅಂಟಿ ನಿಂತರೆ ಅಲ್ಲೇ ಹುಣ್ಣು. ಕೊನೆಗೆ ಬೇಯಿಸಿದ ಕುರಿ ಯಕೃತ್ತಿನ ಒಂದು ತುಣುಕಿನೊಳಗೆ ಮಾತ್ರೆ ತುರುಕಿ, ಮೇಲೆ ರೊಟ್ಟಿ, ಆಮೇಲೆ ನೀರು ಅನ್ನುವ ದಾರಿ ಕಂಡುಕೊಂಡೆವು. ಹಾಳಾದ ವಾರಕ್ಕೆ ಬದಲಾಗಿ ಡಾಕ್ಟ್ರು ಇನ್ನೊಂದು ವಾರ ಸೇರಿಸಿದರು.

ಪಕ್ಕದ ಮನೆಯ ಕಾಕಾ ದಿನಾ ಸಂಜೆ ಕಟ್ಟೆಗೆ ಬಂದು ಕೂರುತ್ತಾರೆ. ಅವರಿಗೆ ಇದೆಲ್ಲ ಅತಿಯಾಯಿತು. "ಹೊಲಕ್ಕ ಕಸ ಇರೂದ, ನಾಯಿಗೆ ಉಣ್ಣಿ ಇರೂದ. ಅದಕ್ಯಾಕಪಾ ಟೆಸ್ಟು? ನಿನ್ನ ಅಂಗಡ್ಯಾಗ ಹತ್ತಿಗೆ ಹೊಡ್ಯೂ ಎಣ್ಣಿ ಐತಲ್ಲ, ಒಂದು ಮುಚ್ಚಳ ನೀರಾಗ ಹಾಕಿ ಮೈ ತೊಳಿ." ಇಂಥ ಸಲಹೆ ಕೇಳಿ ನಾಯಿ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತು ಸುಮ್ನೆ ಇರುವುದಿಲ್ಲ. ಬೆಳೆಗೆ ಹೊಡೆಯುವುದು ಬೆಳೆಗೇ. ನಾಯಿ ಮೈ ನೆಕ್ಕುತ್ತದೆ, ಗಿಡ ನೆಕ್ಕುವುದಿಲ್ಲ. ಡಾಕ್ಟ್ರು ಬಂಟ್ಯಾನಿಗೆ ಮೂರು ತಿಂಗಳಿಗೊಮ್ಮೆ ಕೊಡುವ ಜಗಿಯುವ ಮಾತ್ರೆ ಬರೆದಿದ್ದರು. ದುಬಾರಿ, ಸಾವಿರದ ಮೇಲಾಯಿತು. ಆದರೆ ಅದನ್ನು ತಿಂದ ಮೇಲೆ ಕಚ್ಚಿದ ಉಣ್ಣಿ ಒಂದೆರಡು ದಿನದಲ್ಲಿ ಒಣಗಿ ಉದುರುತ್ತಿತ್ತು.

"ಮತ್ತ ನಮಗೂ ಬರ್ತೈತೇನು, ಆ ಮಂಗನ ಕಾಯಿಲೆ ಬಂದಂಗ?" ಕಾಕಾನ ಇನ್ನೊಂದು ಪ್ರಶ್ನೆ. ಇದು ಸರಿಯಾದ ಪ್ರಶ್ನೆಯೇ. ಮಂಗನ ಕಾಯಿಲೆಯೂ ಉಣ್ಣಿಯಿಂದಲೇ. ಆದರೆ ಅದು ವೈರಸ್. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡದ್ದು, ಹರಡುವುದು ಕಾಡಿನ ಉಣ್ಣಿ. ನಮ್ಮಲ್ಲಿರುವುದು ಕಂದು ನಾಯಿ ಉಣ್ಣಿ. ಅದಕ್ಕೆ ನಾಯಿ ಸಿಕ್ಕರೆ ಬೇರೆ ಯಾರೂ ಬೇಡ. ಮನುಷ್ಯರನ್ನು ಕಚ್ಚುವುದು ಅಪರೂಪ. ಆದರೂ ಬರಿಗೈಯಲ್ಲಿ ಹಿಸುಕಬೇಡಿ ಎಂದಿದ್ದರು ಡಾಕ್ಟ್ರು. ಅವ್ವನ ಬಟ್ಟಲಿಗೆ ಈಗ ಸೀಮೆಎಣ್ಣೆ ಬದಲು ಸೋಪಿನ ನೀರು, ಕೈಗೆ ಒಂದು ಚಿಮಟ. ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯುತ್ತಾಳೆ.

ಜಗಿಯುವ ಮಾತ್ರೆ ಕೊಟ್ಟು ಹದಿನೈದು ದಿನವಾದರೂ ಹೊಸ ಉಣ್ಣಿ ಬರುತ್ತಲೇ ಇದ್ದವು. ಎಲ್ಲಿಂದ? ಬೀದಿ ನಾಯಿಗಳಿಂದ ಅಂದುಕೊಂಡೆ. ನಮ್ಮ ಓಣಿಯ ಏಳು ನಾಯಿಗಳಿಗೆ ಬಿಸ್ಕೆಟ್ ಹಾಕಿ ಕಿವಿ ನೋಡಿದೆ. ಆರಕ್ಕೆ ಇತ್ತು. ಆದರೆ ಬಂಟ್ಯಾ ಆ ದಿನಗಳಲ್ಲಿ ಮನೆ ಬಿಟ್ಟು ಹೋಗುತ್ತಲೇ ಇರಲಿಲ್ಲ. "ನಾಯಿ ಮ್ಯಾಲ ಕಾಣೂದು ಸ್ವಲ್ಪ, ಉಳದದ್ದೆಲ್ಲಾ ಮನ್ಯಾಗ ಇರ್ತಾವ. ಗೋಡಿ ನೋಡ್ರಿ" ಎಂದರು ಡಾಕ್ಟ್ರು. ಈ ಉಣ್ಣಿ ಹುಟ್ಟಿ ಸಾಯುವವರೆಗೆ ಮೂರು ಸಲ ನಾಯಿಯ ಮೇಲೆ ಹತ್ತುತ್ತದೆ. ಪ್ರತಿಸಲ ರಕ್ತ ಕುಡಿದು ಕೆಳಗೆ ಉದುರಿ, ಎಲ್ಲಾದರೂ ಬಿರುಕಿನಲ್ಲಿ ಸೇರಿ ಪೊರೆ ಬಿಡುತ್ತದೆ. ಕೊನೆಯಲ್ಲಿ ಹೆಣ್ಣು ಗೋಡೆ ಹತ್ತಿ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ದೊಡ್ಡ ಉಣ್ಣಿ ಏನೂ ತಿನ್ನದೆ ಒಂದು ವರ್ಷದ ಮೇಲೂ ಕಾಯಬಲ್ಲದು. ನನಗೆ ಬೇಜಾರಾದದ್ದು ಇನ್ನೊಂದು ಮಾತಿಗೆ. ಎರ್ಲಿಕಿಯಾ ತಾಯಿ ಉಣ್ಣಿಯಿಂದ ಮೊಟ್ಟೆಗೆ ದಾಟುವುದಿಲ್ಲ. ಮರಿ ಹುಟ್ಟುವಾಗ ಚೊಕ್ಕ ಇರುತ್ತದೆ. ರೋಗದ ನಾಯಿಯ ರಕ್ತ ಕುಡಿದ ಮೇಲೆಯೇ ಅದಕ್ಕೆ ಅಂಟುತ್ತದೆ. ಅಂದರೆ ಏಪ್ರಿಲ್‌ನಿಂದ ಜೂನ್‌ವರೆಗೆ ನಮ್ಮ ಗೋಡೆಯ ಉಣ್ಣಿಗಳಿಗೆ ರೋಗ ಹಂಚಿದ್ದು ನಮ್ಮ ಬಂಟ್ಯಾನೇ ಇರಬೇಕು.

ಭಾನುವಾರ ಬ್ಯಾಟರಿ ಹಿಡಿದು ಗೋಡೆ ನೋಡಿದೆ. ಕೆಳಗೆ ಏನೂ ಇರಲಿಲ್ಲ. ಎದೆಯೆತ್ತರದಲ್ಲಿ, ಮೊದಲು ದೀಪ ಇಡುತ್ತಿದ್ದ ಮಾಡದ ಮುಂದೆ ಕ್ಯಾಲೆಂಡರ್ ತೂಗುಹಾಕಿದ್ದೆವು. ಅದನ್ನು ತೆಗೆದೆ. ಮಾಡದ ಮೂಲೆಯಲ್ಲಿ ಕಂದು ಗಸಗಸೆಯನ್ನು ಬೆಲ್ಲದ ಪಾಕದಲ್ಲಿ ಕಲಸಿಟ್ಟ ಹಾಗೆ ಒಂದು ಮುದ್ದೆ. ಮೊಟ್ಟೆ. ಪಕ್ಕದಲ್ಲಿ ಒಣಗಿದ ತಾಯಿ. ಕಲ್ಲಿನ ಸಂದಿಯಲ್ಲಿ ಹಳೇ ಪೊರೆಗಳು, ಊದಿದರೆ ಹಾರುವಷ್ಟು ಹಗುರ. ಅವ್ವ ನೋಡಿ "ಅಯ್ಯ ಶಿವನ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ದೇವರ ದೀಪ ಇಟ್ಟ ಜಾಗ ಅಲ್ವಾ.

ಎರಡು ಭಾನುವಾರ ಅದೇ ಕೆಲಸ. ಸಂದಿ ಕೆರೆದು, ಕೆರೆದ ಮಣ್ಣನ್ನು ಸುಟ್ಟು, ಸಿಮೆಂಟ್ ಮೆತ್ತಿ, ಮೇಲೆ ಸುಣ್ಣ. ಮನೆಯ ಉಣ್ಣಿಗೆಂದೇ ಇರುವ ಔಷಧವನ್ನು, ಡಾಕ್ಟ್ರು ಹೇಳಿದ ಅಳತೆಯಲ್ಲಿ, ಬಂಟ್ಯಾನನ್ನು ಹೊರಗೆ ಕಟ್ಟಿ ಗೋಡೆಗೆ ಹೊಡೆದೆವು. ಮೊಟ್ಟೆಗೆ ಅದು ಅಷ್ಟಾಗಿ ತಾಗುವುದಿಲ್ಲ. ಹಾಗಾಗಿ ಮರಿ ಹೊರಬರುವ ಹೊತ್ತು ನೋಡಿ ಮತ್ತೊಮ್ಮೆ.

35ನೇ ದಿನ ಬಂಟ್ಯಾನ ರಕ್ತ ಮತ್ತೆ ನೋಡಿದರು. ಈ ಸಲ ಬಾಟಲಿಯನ್ನು ಹತ್ತು ಸಲ ಎಣಿಸಿ ಮಗುಚಿದೆ. 2 ಲಕ್ಷ 10 ಸಾವಿರ. ಒಸಡು ಕೆಂಪಗಾಗಿತ್ತು. ಇದಕ್ಕೆ ಲಸಿಕೆ ಇಲ್ಲ, ಒಮ್ಮೆ ಬಂದು ಹೋದರೆ ಮತ್ತೆ ಬರಲ್ಲ ಅಂತಲೂ ಇಲ್ಲ ಎಂದು ಡಾಕ್ಟ್ರು ಕಳಿಸಿಕೊಟ್ಟರು.

ಉಳಿದದ್ದು ನಡುಗೋಡೆ. ಹಳೇ ಊರಲ್ಲಿ ಎರಡು ಮನೆಗೆ ಒಂದೇ ಗೋಡೆ. ನಮ್ಮ ಕಡೆ ಮೆತ್ತಿದೆವು, ಆ ಕಡೆ ಕಾಕಾನ ಪಡಸಾಲೆ. ಅಲ್ಲಿ ಅವರ ನಾಯಿ ರಾಣಿ ಮಲಗುತ್ತಾಳೆ. ಹೇಗೆ ಹೇಳುವುದು ಅಂತ ನಾಲ್ಕು ದಿನ ಒದ್ದಾಡಿ, ಕೊನೆಗೆ ಅವರನ್ನು ಕರೆದು ಆ ಪೊರೆಗಳನ್ನು ಕಾಗದದ ಮೇಲೆ ಹಾಕಿ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಏನೂ ಅನ್ನಲಿಲ್ಲ. ಎದ್ದು ಹೋದರು. ಬೇಜಾರಾದರು ಅಂದುಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದು. ಕಾಕಾ ಅರ್ಧ ಚೀಲ ಸಿಮೆಂಟ್ ಹೊತ್ತು ತಂದು ಕಟ್ಟೆಯ ಮೇಲೆ ಇಳಿಸಿದ್ದರು. ಹಿಂದೆ ರಾಣಿ, ಕೊರಳಿಗೆ ಹಗ್ಗ.

"ನಿಮ್ಮ ಕರಣಿ ಎಲ್ಲೈತಿ? ಮಧ್ಯಾಹ್ನದೊಳಗ ಮುಗಸೂಣು. ನಾಳೆ ಇಕಿ ಕಿವಿಗೂ ಒಂದು ಸೂಜಿ ಚುಚ್ಚಸ್ಕೊಂಡು ಬರೂಣು" ಎಂದರು.